ಕರಪತ್ರದಿಂದ ತೆಗೆದ ಸಾಲು

ಆ ಸಾಲನ್ನು ಕನ್ನಡಕ್ಕೆ ತಂದವಳು ನಾನೇ, ಅಳಿಸಿದವಳೂ ನಾನೇ. ಅಳಿಸಿ ಅಂತ ಹೇಳಿದವರು ಬೇರೆ. ಆದರೂ ಬೆರಳು ನನ್ನದು. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದೆ ನಾನು ಯಾರ ಮೇಲೆ ಸಿಟ್ಟಾದರೂ ಅದಕ್ಕೆ ಬೆಲೆಯಿಲ್ಲ.

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ಹೊಟ್ಟೆಪಾಡು. ಕಥೆ ಕಾದಂಬರಿ ಅಲ್ಲ. ಅಪಾರ್ಟ್‌ಮೆಂಟಿನ ನೋಟಿಸು, ಮಿಕ್ಸಿಯ ಜೊತೆ ಬರುವ ಪುಸ್ತಿಕೆ, ಕಾರ್ಖಾನೆ ಗೋಡೆಯ ಮೇಲಿನ ಸುರಕ್ಷತಾ ಫಲಕ, ಇಂಥವು. ಬೊಮ್ಮಸಂದ್ರದ ಪಕ್ಕದಲ್ಲೇ ಮನೆ ಇರುವುದರಿಂದ ಕೆಲಸಕ್ಕೆ ಕೊರತೆಯಿಲ್ಲ. ಯಂತ್ರ ಓಡುವಾಗ ಕೈ ಹಾಕಬೇಡಿ, ಹೆಲ್ಮೆಟ್ ಇಲ್ಲದೆ ಒಳಗೆ ಬರಬೇಡಿ, ಹೀಗೆ ಬೇಡ ಬೇಡ ಅಂತ ಬರೆದೇ ಹದಿನೈದು ವರ್ಷ ಕಳೆದಿದ್ದೇನೆ. ಅಂಥವಳು ಬರೆಯಲೇಬೇಕಾಗಿದ್ದ ಒಂದು 'ಬೇಡ'ವನ್ನು ಬಿಟ್ಟುಕೊಟ್ಟೆ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಟಿ. ದಾಸರಹಳ್ಳಿಯಲ್ಲಿ ನಾವು ಹುಟ್ಟಿ ಬೆಳೆದ ಮನೆಯಿಂದ ಎರಡು ಅಡ್ಡರಸ್ತೆ ಆಚೆ ಅವಳ ಸಂಸಾರ. ಭಾವ ಪೀಣ್ಯದಲ್ಲಿ ಲೇತ್ ಮೇಲೆ ದುಡಿದು ನಿವೃತ್ತರಾದವರು. ಅಕ್ಕ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ಮೊದಲು ಕಾಲರ್ ಹೊಲಿಯುತ್ತಿದ್ದವಳು ಕೊನೆಗೆ ಒಂದು ಲೈನಿಗೆ ಸೂಪರ್‌ವೈಸರ್ ಆದಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದ್ದಾಳೆ. ಇಂಗ್ಲಿಷಿನಲ್ಲಿ ಬಟ್ಟೆಯ ಸೈಜು ಗುರುತಿಸುತ್ತಾಳೆ, ಅಷ್ಟೇ. ಆದರೆ ಕನ್ನಡದ ಅಕ್ಷರ ಕಂಡರೆ ಬಿಡುವವಳಲ್ಲ. ಬೋಂಡ ಕಟ್ಟಿಕೊಟ್ಟ ಕಾಗದವನ್ನೂ ಎಣ್ಣೆ ಒರೆಸಿ ಓದಿಯೇ ಬಿಸಾಡುತ್ತಾಳೆ.

ಮೂರು ವರ್ಷದ ಕೆಳಗೆ ಅವಳ ಗಾರ್ಮೆಂಟ್ಸ್ ಯೂನಿಟ್ಟನ್ನು ಮುಚ್ಚಿದರು. ಮೊದಲ ಒಂದೆರಡು ತಿಂಗಳು ಅವಳು ಮನೆ ತೊಳೆದಳು, ಪಾತ್ರೆ ಬೆಳಗಿದಳು, ಎಲ್ಲರ ಹಳೇ ಸೀರೆಗೆ ಫಾಲ್ಸ್ ಹಾಕಿದಳು. ಆಮೇಲೆ ಮಲಗಿದಳು. ಮಲಗಿದಳು ಅಂದರೆ ಸುಮ್ಮನೆ ಅಲ್ಲ. ತಲೆ ಬಾಚಲಿಲ್ಲ, ಹೊಲಿಗೆ ಯಂತ್ರದ ಮುಸುಕು ತೆಗೆಯಲಿಲ್ಲ, ನಾನು ಫೋನ್ ಮಾಡಿದರೆ "ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಡುತ್ತಿದ್ದಳು. ಒಂದು ದಿನ ಹೋಗಿ ನೋಡಿದರೆ ಬೆಳಿಗ್ಗೆ ಭಾವ ಇಟ್ಟುಹೋದ ಟೀ ಮಧ್ಯಾಹ್ನದವರೆಗೂ ಹಾಗೇ ಇತ್ತು, ಕೆನೆ ಗಟ್ಟಿಯಾಗಿ. "ಕುಡಿಯೋದಕ್ಕೂ ಎದ್ದೇಳ್ಬೇಕಲ್ಲ ಕಣೇ" ಅಂದಳು. ನಾನು ಅವಳನ್ನು ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಅವರು ಖಿನ್ನತೆ ಅಂದರು, ದಿನಕ್ಕೊಂದು ಮಾತ್ರೆ ಬರೆದರು. ಗುಣ ಕಾಣೋಕೆ ಕೆಲವು ವಾರ ಬೇಕು, ನಡುವೆ ನಿಲ್ಲಿಸಬೇಡಿ ಅಂದರು.

ಕೆಲವು ವಾರವೇ ಹಿಡಿಯಿತು. ಮಾತ್ರೆ ಶುರುವಾದ ಮೂರನೇ ತಿಂಗಳಲ್ಲಿ ಅಕ್ಕ ಯಂತ್ರಕ್ಕೆ ಎಣ್ಣೆ ಬಿಟ್ಟಳು. ಪಕ್ಕದ ಮನೆಯವರ ಒಂದು ರವಿಕೆ ಹೊಲಿದಳು, ಆಮೇಲೆ ಆ ಬೀದಿಯ ಅರ್ಧ ಹೆಂಗಸರ ರವಿಕೆಗಳು ಅವಳ ಬಳಿಗೇ ಬರತೊಡಗಿದವು. ಭಾವನಿಗೆ ಮಾತ್ರ ಆ ಮಾತ್ರೆ ಕಂಡರೆ ಆಗುತ್ತಿರಲಿಲ್ಲ. ಅವರು ಕೆಟ್ಟವರಲ್ಲ. ಅಕ್ಕ ಮಲಗಿದ್ದಾಗ ಅಡುಗೆ ಮಾಡಿದವರು ಅವರೇ. ಆದರೆ ಅದನ್ನು 'ತಲೆ ಮಾತ್ರೆ' ಅನ್ನುತ್ತಿದ್ದರು, ಯಾರಾದರೂ ಬಂದರೆ ಕೋರ್ಟಿನ ಕಾಗದದ ಹಾಗೆ ಒಳಗಿಡು ಅನ್ನುತ್ತಿದ್ದರು. ಹಾಗಾಗಿ ಅಕ್ಕ ಅದನ್ನು ರವಿಕೆಯ ಹುಕ್ಕು ಹಾಕಿಡುವ ಡಬ್ಬಿಯಲ್ಲಿ ಇಡುತ್ತಿದ್ದಳು. ಎಲ್ಲ ಸರಿಹೋಗಿತ್ತು, ನಿದ್ದೆ ಒಂದು ಬಿಟ್ಟು. ಬೆಳಗಿನ ಜಾವ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುವುದಿಲ್ಲ ಅಂತ ಆಗಾಗ ಹೇಳುತ್ತಿದ್ದಳು. ಅದೇನು ದೊಡ್ಡ ವಿಷಯ, ವಯಸ್ಸಾಯಿತಲ್ಲ ಅಂತ ನಾನು ಸುಮ್ಮನಾಗುತ್ತಿದ್ದೆ.

ಹೋದ ವರ್ಷ ಬೊಮ್ಮಸಂದ್ರದ ಒಂದು ಕಂಪನಿಯಿಂದ ಕೆಲಸ ಬಂತು. ಪೌಷ್ಟಿಕಾಂಶದ ಪುಡಿ, ಕ್ಯಾಪ್ಸೂಲು ಮಾಡುವವರು. ಅವರದೊಂದು ಹೊಸ ಕ್ಯಾಪ್ಸೂಲು, ಒಳ್ಳೆಯ ನಿದ್ದೆಗೆ ಮತ್ತು ಮನಸ್ಸಿನ ನೆಮ್ಮದಿಗೆ. ಅದರೊಳಗೆ ಇದ್ದದ್ದು ಒಂದು ಅಮೈನೋ ಆಮ್ಲ. ಹಾಲು, ಮೊಟ್ಟೆ, ಬೇಳೆಯಲ್ಲೆಲ್ಲ ಸ್ವಲ್ಪ ಸ್ವಲ್ಪ ಇರುವಂಥದ್ದೇ, ಇಲ್ಲಿ ಬೇರ್ಪಡಿಸಿ ಗಟ್ಟಿ ಮಾಡಿ ತುಂಬಿದ್ದರು. ಔಷಧಿ ಅಂಗಡಿಗಳ ಕೌಂಟರ್ ಮೇಲೆ ಇಡಲು ಕನ್ನಡದಲ್ಲಿ ಒಂದು ಕರಪತ್ರ ಬೇಕಾಗಿತ್ತು. ಪೀಣ್ಯ, ದಾಸರಹಳ್ಳಿ, ನೆಲಮಂಗಲದ ಕಡೆ ಮಾರಾಟ ಹೆಚ್ಚಿಸಬೇಕು, ಅಲ್ಲಿನ ಜನ ಕನ್ನಡದಲ್ಲಿದ್ದರೆ ಓದುತ್ತಾರೆ ಅಂತ ಅವರೇ ಹೇಳಿದರು. ಆ ಮಾತು ಕೇಳಿ ನನಗೆ ಖುಷಿಯೇ ಆಗಿತ್ತು.

ಮೊದಲ ಸಾಲಿನಲ್ಲಿ ನಾನು 'ಸುಖನಿದ್ರೆ' ಅಂತ ಬರೆದಿದ್ದೆ. ಅಂಥ ಕಡೆ ನಾನು ಅಕ್ಕನಿಗೆ ಫೋನ್ ಮಾಡಿ ಓದಿ ಹೇಳುವುದು ಮೊದಲಿಂದಲೂ ರೂಢಿ. ಅವಳ ಕಿವಿಗೆ ಸುಳ್ಳು ಕನ್ನಡ ಬೇಗ ತಿಳಿಯುತ್ತದೆ.

"ಸುಖನಿದ್ರೆ ಅಂತ ಯಾರೇ ಮಾತಾಡ್ತಾರೆ," ಅಂದಳು. "ಜೋಂಪು ಅಂತ ಹಾಕು. ಜೋಂಪು ಹತ್ತೋದೇ ಕಷ್ಟ ಆಗಿರೋರಿಗಲ್ವಾ ಇದು."

ಜೋಂಪು ಅಂತಲೇ ಹಾಕಿದೆ. ಆ ಮೊದಲ ಸಾಲನ್ನು ಮಾತ್ರ ಅವಳಿಗೆ ಓದಿ ಹೇಳಿದ್ದೆ, ಉಳಿದದ್ದನ್ನು ಅಲ್ಲ.

ಉಳಿದದ್ದರ ಕೊನೆಗೆ, ಇಂಗ್ಲಿಷಿನಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಒಂದು ಎಚ್ಚರಿಕೆ ಇತ್ತು. ಅದನ್ನು ನಾನು ಹೀಗೆ ಮಾಡಿದ್ದೆ: 'ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಇದನ್ನು ಸೇವಿಸಬಾರದು.' ಕಳಿಸಿದ ಮಾರನೇ ದಿನ ಆಫೀಸಿಗೆ ಕರೆದರು. ಮಾರಾಟ ವಿಭಾಗದವರು, ನಲವತ್ತರ ಆಸುಪಾಸಿನವರು, ಮಾತಿನಲ್ಲಿ ವಿನಯ. ಕರಪತ್ರದ ಕನ್ನಡವನ್ನು ಹೊಗಳಿದರು. ಜೋಂಪು ಅನ್ನುವುದು ಸಕ್ಕತ್ ಆಗಿದೆ ಅಂದರು. ಆಮೇಲೆ ಪೆನ್ನಿನಿಂದ ಕೊನೆಯ ಸಾಲಿನ ಮೇಲೆ ತಟ್ಟಿದರು.

"ಈ ಲೈನ್ ಬೇಡ ಮೇಡಂ. ಖಿನ್ನತೆ ಗಿನ್ನತೆ ಅಂತ ನೋಡಿದ್ರೆ ಕಸ್ಟಮರ್ ಮುಟ್ಟೋದೇ ಇಲ್ಲ. ಬಾಟ್ಲಿ ಮೇಲೆ ಇಂಗ್ಲಿಷಲ್ಲಿ ಇದ್ದೇ ಇದೆ, ರೂಲ್ಸ್ ಪ್ರಕಾರ ಅಷ್ಟು ಸಾಕು."

ನಾನು ಏನು ಹೇಳಿದೆ? ಅಂಥ ಎಚ್ಚರಿಕೆ ಇದ್ದರೆ ಒಳ್ಳೆಯದಲ್ಲವಾ ಸಾರ್ ಅಂದೆ. ಜಾಗ ಇಲ್ಲ ಮೇಡಂ, ಕಾಗದ ಚಿಕ್ಕದು ಅಂದರು. ಆ ಸಾಲನ್ನು ತೆಗೆದು, ಆ ಜಾಗದಲ್ಲಿ 'ಇದು ಔಷಧವಲ್ಲ, ಪ್ರಕೃತಿಯ ಪೋಷಣೆ' ಅಂತ ಹಾಕಲು ಹೇಳಿದರು. ಅವರ ಲ್ಯಾಪ್‌ಟಾಪಿನಲ್ಲೇ ಕೂತು ಹಾಕಿದೆ. ಅವರು ತರಿಸಿದ ಕಾಫಿ ಕುಡಿದು ಮನೆಗೆ ಬಂದೆ.

ನನ್ನ ಅಕ್ಕ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ ಅನ್ನುವುದು ನನಗೆ ಆ ಹೊತ್ತು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದವಳೇ ನಾನು. ಆ ಸಂಗತಿಯೂ ಈ ಸಾಲೂ ಒಂದೇ ತಲೆಯೊಳಗೆ ಇದ್ದವು, ಒಂದಕ್ಕೊಂದು ತಾಗಲಿಲ್ಲ. ಕೆಲಸ ಅಂದರೆ ಹಾಗೆ. ಬರೆಯುತ್ತಿರುವುದು ಇನ್ಯಾರಿಗೋ ಅನ್ನುವ ಭ್ರಮೆಯಲ್ಲೇ ಅದು ಸಾಗುವುದು.

ದಸರಾ ಮುಗಿದ ಮೇಲಿನ ಒಂದು ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಭಾವ ಫೋನ್ ಮಾಡಿದರು. ಅಕ್ಕನಿಗೆ ಹಿಂದಿನ ದಿನದಿಂದ ಭೇದಿ, ಮೈಯೆಲ್ಲ ಬೆವರು, ನಡುಕ. ಬೀದಿಯ ಕೊನೆಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದರಂತೆ. ಬಿಪಿ ಇದೆಯಾ, ಶುಗರ್ ಇದೆಯಾ ಅಂತ ಕೇಳಿ, ಊಟದಲ್ಲಿ ಏನೋ ವ್ಯತ್ಯಾಸ ಆಗಿರಬೇಕು ಅಂತ ಗ್ಲೂಕೋಸ್ ಹಾಕಿ ಕಳಿಸಿದ್ದರು. ಆದರೆ ನಡುಕ ನಿಂತಿಲ್ಲ, ಅವಳು ಕೂತಲ್ಲಿ ಕೂರುತ್ತಿಲ್ಲ ಅಂದರು. ಅವರ ದನಿಯಲ್ಲಿ ಹೆದರಿಕೆ ಇತ್ತು. ಅವರು ಹೆದರಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಮೆಟ್ರೋ ಹತ್ತಿ, ಆರ್.ವಿ. ರಸ್ತೆಯಲ್ಲಿ ಬದಲಾಯಿಸಿ, ದಾಸರಹಳ್ಳಿಯಲ್ಲಿ ಇಳಿಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅಕ್ಕ ನಡುಮನೆಯಲ್ಲಿ ಗೋಡೆಯಿಂದ ಗೋಡೆಗೆ ಓಡಾಡುತ್ತಿದ್ದಳು. ನೈಟಿ ಬೆನ್ನಿಗೆ ಅಂಟಿಕೊಂಡಿತ್ತು. ದವಡೆ ತನ್ನಷ್ಟಕ್ಕೆ ತಾನೇ ಅದುರುತ್ತಿತ್ತು. ಕಿಟಕಿಯ ಬೆಳಕಿಗೆ ಎದುರಾಗಿ ನಿಂತಿದ್ದರೂ ಕಣ್ಣಿನ ಪಾಪೆ ದೊಡ್ಡದಾಗಿ, ಕಪ್ಪಗೆ ಅರಳಿಕೊಂಡಿತ್ತು. ಕೈ ಹಿಡಿದುಕೊಂಡೆ. ಅವಳ ಮೈ ಸುಡುತ್ತಿತ್ತು.

ಏನಾದರೂ ಹೊಸದಾಗಿ ತಗೊಂಡೆಯಾ ಅಂತ ಕೇಳಿದೆ. ಇಲ್ಲ ಅಂದಳು. ಮಾತ್ರೆ ಹೆಚ್ಚುಕಡಿಮೆ ಆಯಿತಾ ಅಂದೆ. ಇಲ್ಲ, ಒಂದೇ ತಗೊಂಡಿರೋದು ಅಂದಳು. ಮತ್ತೆ ಬೇರೇನೂ ಇಲ್ಲವಾ ಅಂತ ಒತ್ತಿ ಕೇಳಿದಾಗ ಹೊಲಿಗೆ ಯಂತ್ರದ ಕಡೆ ಕೈ ತೋರಿಸಿದಳು.

"ಅದು ಮಾತ್ರೆ ಅಲ್ವಲ್ಲ. ನಿದ್ದೆಗೆ. ನಿಂದೇ."

ಯಂತ್ರದ ಪಕ್ಕ ಬಿಳಿ ಬಾಟಲಿ. ಅದರ ಕೆಳಗೆ ನೀಟಾಗಿ ಮಡಿಸಿಟ್ಟ ಕರಪತ್ರ. ಬಿಡಿಸಿ ನೋಡುವ ಮೊದಲೇ ನನಗೆ ತಿಳಿದುಹೋಯಿತು. ಜೋಂಪು ಅನ್ನುವ ಪದದ ಕೆಳಗೆ ಅವಳು ಪೆನ್ನಿನಿಂದ ಗೆರೆ ಎಳೆದಿದ್ದಳು. ಔಷಧಿ ಅಂಗಡಿಯಲ್ಲಿ ಕಂಡಿತಂತೆ. ತಂಗಿ ಬರೆದದ್ದು, ಅದರಲ್ಲಿ ತಾನು ಹೇಳಿದ ಪದ ಅಚ್ಚಾಗಿದೆ ಅಂತ ಅಂಗಡಿಯವನಿಗೂ ಹೇಳಿ ಕೊಂಡುಕೊಂಡಿದ್ದಳು. ಮೊದಲ ವಾರ ದಿನಕ್ಕೊಂದು. ಅಂಥ ನಿದ್ದೆಯೇನೂ ಬರಲಿಲ್ಲ. ಕರಪತ್ರದಲ್ಲಿ ಅಗತ್ಯವಿದ್ದರೆ ಎರಡು ಅಂತ ಇದೆಯಲ್ಲ, ಶುಕ್ರವಾರದಿಂದ ಎರಡು.

ಬಾಟಲಿಯನ್ನು ಕಿಟಕಿಯ ಹತ್ತಿರ ಹಿಡಿದು, ಕನ್ನಡಕ ತೆಗೆದು, ಕಣ್ಣಿಗೆ ತೀರಾ ಹತ್ತಿರ ತಂದೆ. ಹಿಂಬದಿಯಲ್ಲಿ ಇಂಗ್ಲಿಷಿನ ಆ ಸಾಲು ಇತ್ತು. ಕಂಪನಿಯವರು ಸುಳ್ಳು ಹೇಳಿರಲಿಲ್ಲ.

ಆಟೋ ಹಿಡಿದು ತುಮಕೂರು ರಸ್ತೆಯ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದೆವು. ತುರ್ತು ವಿಭಾಗದಲ್ಲಿ ಒಬ್ಬ ವೈದ್ಯೆ ಇದ್ದರು, ತೀರಾ ಚಿಕ್ಕ ವಯಸ್ಸಿನವರು. ಜ್ವರ, ನಾಡಿ ನೋಡಿದರು. ಅಕ್ಕನ ಪಾದವನ್ನು ಕೈಯಲ್ಲಿ ಹಿಡಿದು ಮೇಲಕ್ಕೆ ಥಟ್ಟನೆ ಒತ್ತಿದರು. ಪಾದ ಅವರ ಅಂಗೈ ಮೇಲೆ ತಾನಾಗಿ ಪಟಪಟ ಬಡಿದುಕೊಳ್ಳತೊಡಗಿತು, ಯಂತ್ರ ತುಳಿಯುವಾಗಿನ ಹಾಗೆ. ಅಕ್ಕ ತನ್ನ ಕಾಲನ್ನು ಬೇರೆ ಯಾರದೋ ಕಾಲು ಅನ್ನುವಂತೆ ನೋಡಿದಳು. ವೈದ್ಯೆ ಕುರ್ಚಿ ಎಳೆದುಕೊಂಡು ಹತ್ತಿರ ಕೂತರು.

"ಅಮ್ಮಾ, ದಿನಾ ಬಾಯಿಗೆ ಏನೇನು ಹಾಕ್ಕೋತೀರಿ, ಎಲ್ಲಾ ಹೇಳಿ. ಮಾತ್ರೆ, ಟಾನಿಕ್ಕು, ಕಷಾಯ, ಪುಡಿ, ಪಕ್ಕದ ಮನೆಯವರು ಕೊಟ್ಟಿದ್ದು. ಔಷಧಿ ಅಲ್ಲ ಅಂತ ನಿಮಗೆ ಅನ್ಸಿದ್ರೂ ಹೇಳಿ."

ಅಕ್ಕ ಭಾವನ ಮುಖ ನೋಡಿದಳು. ಭಾವ ನೆಲ ನೋಡಿದರು. ನಾನು ಹುಕ್ಕಿನ ಡಬ್ಬಿಯಿಂದ ತಂದಿದ್ದ ಮಾತ್ರೆಯ ಸ್ಟ್ರಿಪ್ಪು, ಆ ಬಾಟಲಿ ಎರಡನ್ನೂ ಮಂಚದ ಮೇಲೆ ಇಟ್ಟೆ. ವೈದ್ಯೆ ಬಾಟಲಿಯನ್ನು ತಿರುಗಿಸಿ ಓದಿದರು.

ಅವರು ಹೇಳಿದ್ದು ಇಷ್ಟು. ಈ ಅಮೈನೋ ಆಮ್ಲದಿಂದ ನಮ್ಮ ಮೈ ಸೆರೊಟೋನಿನ್ ಅನ್ನುವ ವಸ್ತುವನ್ನು ತಯಾರಿಸಿಕೊಳ್ಳುತ್ತದೆ. ಖಿನ್ನತೆಯ ಮಾತ್ರೆ ಅದೇ ಸೆರೊಟೋನಿನ್ ಬೇಗ ಖಾಲಿಯಾಗದಂತೆ ನೋಡಿಕೊಳ್ಳುತ್ತದೆ. ಮಾತ್ರೆಯನ್ನು ವೈದ್ಯರು ಲೆಕ್ಕ ಹಾಕಿಯೇ ಕೊಟ್ಟಿರುತ್ತಾರೆ. ಊಟದಲ್ಲಿ ಬರುವ ಆಮ್ಲವೂ ಹಿತಮಿತದ್ದೇ. ಆದರೆ ಮಾತ್ರೆಯ ಮೇಲೆ ಈ ಗಟ್ಟಿ ಕ್ಯಾಪ್ಸೂಲೂ ಸೇರಿದರೆ, ಒಂದು ಕಡೆ ನಲ್ಲಿ ಪೂರ್ತಿ ಬಿಟ್ಟು ಇನ್ನೊಂದು ಕಡೆ ಬಚ್ಚಲ ತೂತು ಮುಚ್ಚಿದ ಹಾಗೆ. ನೀರು ತುಂಬಿ ಹೊರಗೆ ಬರುತ್ತದೆ. ಎಲ್ಲರಿಗೂ ಹೀಗೆ ಆಗುವುದಿಲ್ಲ, ಆದವರಿಗೆ ಕೆಲವೊಮ್ಮೆ ಪ್ರಾಣಕ್ಕೇ ಬರುತ್ತದೆ. ನೀವು ಹೊತ್ತಿಗೆ ಸರಿಯಾಗಿ ಬಂದಿದ್ದೀರಿ.

ಎರಡನ್ನೂ ನಿಲ್ಲಿಸಿದರು. ಅಕ್ಕನನ್ನು ಅಲ್ಲೇ ಇಟ್ಟುಕೊಂಡು ಸ್ನಾಯುಗಳ ಬಿಗಿ ಇಳಿಸಲು ಔಷಧಿ ಕೊಟ್ಟರು, ಗಳಿಗೆಗೊಮ್ಮೆ ಜ್ವರ, ನಾಡಿ ನೋಡುತ್ತಿದ್ದರು. ಸೋಮವಾರ ಸಂಜೆ ಹೊತ್ತಿಗೆ ನಡುಕ ಇಳಿಯಿತು. ಮಂಗಳವಾರ ಬೆಳಿಗ್ಗೆ ಇಡ್ಲಿ ತಿಂದು, ಚಟ್ನಿಗೆ ಉಪ್ಪು ಕಮ್ಮಿ ಅಂದಳು. ಆಗ ನನಗೆ ಉಸಿರು ಬಂತು. ಉಸಿರು ಬಂದ ಕೂಡಲೇ ಅದರ ಹಿಂದೆಯೇ ಸಿಟ್ಟೂ ಬಂತು.

ಸಿಟ್ಟಿಗೆ ಮೊದಲು ಸಿಕ್ಕಿದವರು ಮನೆಯವರು. ಅಕ್ಕ ಮನೆಗೆ ಬಂದ ದಿನವೇ ಎಳನೀರು ಹಿಡಿದುಕೊಂಡು ಬೀದಿಯವರು ಬಂದರು. ಬಂದವರಿಗೆಲ್ಲ ಭಾವ ಒಂದೇ ಕಥೆ ಹೇಳುತ್ತಿದ್ದರು. ಆ ತಲೆ ಮಾತ್ರೆಯಿಂದ ಹಿಂಗಾಯ್ತು, ನಾನು ಮೊದಲೇ ಬೇಡ ಅಂದಿದ್ದೆ, ಈಗ ಕಸದ ಬುಟ್ಟಿಗೆ ಹಾಕಿದ್ದೀನಿ. ಬಂದವರೂ ಹೌದು ಹೌದು ಅಂದರು. ಆ ಇಂಗ್ಲಿಷ್ ಔಷಧಿ ಯಾವತ್ತಿದ್ದರೂ ಅಪಾಯ, ಕ್ಯಾಪ್ಸೂಲ್ ಏನು ಮಾಡೀತು, ಅದು ಪ್ರಕೃತಿಯ ಪೋಷಣೆ ಅಂತ ಬರೆದಿದೆಯಲ್ಲ. ಹಾಗೆ ಅಂದವರೊಬ್ಬರ ಕೈಯಲ್ಲಿ ನನ್ನ ಕರಪತ್ರ ಇತ್ತು. ನಾನೇ ಬರೆದ ವಾಕ್ಯವನ್ನು ನನ್ನ ಅಕ್ಕನ ವಿರುದ್ಧ ಓದಿ ಹೇಳುತ್ತಿದ್ದರು.

ವೈದ್ಯೆ ಹೇಳಿದ್ದನ್ನು ನಾನು ಮತ್ತೆ ಮತ್ತೆ ಹೇಳಿದೆ. ಎರಡೂ ಸೇರಿದ್ದು ತಪ್ಪು, ಮಾತ್ರೆಯೊಂದೇ ಅಲ್ಲ, ಅದನ್ನು ಇದ್ದಕ್ಕಿದ್ದಂತೆ ಶಾಶ್ವತವಾಗಿ ಬಿಡುವುದೂ ಅಪಾಯ, ಯಾವಾಗ ಮತ್ತೆ ಶುರು ಮಾಡಬೇಕು ಅನ್ನುವುದನ್ನು ಮನೋವೈದ್ಯರೇ ಹೇಳಬೇಕು ಅಂದೆ. ನಾನು ಜೋರಾಗಿ ಹೇಳಿದಷ್ಟೂ ಅವರಿಗೆ ನಾನು ತಪ್ಪಿತಸ್ಥಳ ಹಾಗೆ ಕಂಡಿರಬೇಕು. ಒಂದು ಲೆಕ್ಕದಲ್ಲಿ ಸರಿಯೇ.

ಎಲ್ಲರ ಮಾತು ನಿಲ್ಲಿಸಿದವಳು ಅಕ್ಕ. ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು. ಬೀದಿಯವರೆಲ್ಲ ಇದ್ದಾರೆ ಅಂತ ನೋಡಲಿಲ್ಲ.

"ನಾನು ಆರು ತಿಂಗಳು ಮಲಗಿದ್ದೆ," ಅಂದಳು ಭಾವನಿಗೆ. "ಎದ್ದು ಕೂತಿದ್ದು ಆ ಮಾತ್ರೆಯಿಂದ. ಬಚ್ಚಿಟ್ಟು ತಿಂದಿದ್ದಕ್ಕೇ ಇವತ್ತು ಇಷ್ಟೆಲ್ಲಾ ಆಯ್ತು. ಕ್ಲಿನಿಕ್ಕಲ್ಲಿ ನೀವು ಪಕ್ಕದಲ್ಲಿ ನಿಂತಿದ್ರಿ ಅಂತ ಬಾಯಿ ಬಿಡ್ಲಿಲ್ಲ ನಾನು. ಇನ್ನು ಮುಚ್ಚಿಡಲ್ಲ. ಬೇಡ ಅನ್ನೋ ಮಾತೂ ಈ ಮನೇಲಿ ಬೇಡ."

ಮೂಲೆಯಲ್ಲಿ ಕೂತಿದ್ದ ಒಬ್ಬ ಹೆಂಗಸು, ಅಕ್ಕನ ಬಳಿ ರವಿಕೆ ಹೊಲಿಸುವವರು, ಎದ್ದು ಹೋಗುವಾಗ ಅಕ್ಕನ ಕಿವಿಯಲ್ಲಿ ಏನೋ ಹೇಳಿದರು. ಅವರ ಮಗಳೂ ಅಂಥದ್ದೇ ಮಾತ್ರೆ ತೆಗೆದುಕೊಳ್ಳುತ್ತಾಳಂತೆ, ಯಾರಿಗೂ ಗೊತ್ತಿಲ್ಲವಂತೆ.

ಅಳಿಸಿದ ಸಾಲಿನ ವಿಷಯವನ್ನು ಅಕ್ಕನಿಗೆ ಹೇಳಲು ನನಗೆ ಮತ್ತೆ ನಾಲ್ಕು ದಿನ ಬೇಕಾಯಿತು. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಕೈ ಇನ್ನೂ ಸ್ವಲ್ಪ ಅದುರುತ್ತಿದ್ದರಿಂದ ಪೋಣಿಸಿಕೊಡು ಅಂತ ನನಗೆ ಕೊಟ್ಟಳು. ನಾನು ಪೋಣಿಸುತ್ತಲೇ ಎಲ್ಲ ಹೇಳಿದೆ, ಆಫೀಸು, ಕಾಫಿ, ಲ್ಯಾಪ್‌ಟಾಪು. ಅವಳು ಆ ಸಾಲು ಏನಿತ್ತು ಅಂತ ಕೇಳಿದಳು. ಹೇಳಿದೆ. ಮತ್ತೊಮ್ಮೆ ಹೇಳು ಅಂದಳು. ಮತ್ತೊಮ್ಮೆ ಹೇಳಿದೆ.

"ಇಷ್ಟೇನಾ," ಅಂದಳು. ನನ್ನ ಕೈಯಿಂದ ಸೂಜಿ ತೆಗೆದುಕೊಂಡು, "ನನ್ನ ಜೋಂಪು ಇಟ್ಕೊಂಡ್ರು, ಇದನ್ನ ಬಿಸಾಕಿದ್ರು" ಅಂದಳು.

ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಬಾಟ್ಲಿ ಕಂಪನಿಗೆ ಹೋಗಿ ಕೇಳ್ತೀಯಾ ಇಲ್ವಾ ಅಂದಳು.

ಹೋದೆ. ಅದೇ ಮಹಡಿ, ಅದೇ ಮನುಷ್ಯ, ಅದೇ ವಿನಯ. ನಡೆದದ್ದೆಲ್ಲ ಹೇಳಿದೆ. ಆಸ್ಪತ್ರೆಯ ಕಾಗದ ತೋರಿಸಿದೆ. ಅವರು ನಿಜವಾಗಿಯೂ ಬೇಸರ ಪಟ್ಟುಕೊಂಡರು, ಅಕ್ಕ ಈಗ ಹೇಗಿದ್ದಾರೆ ಅಂತ ಎರಡು ಸಲ ಕೇಳಿದರು. ಆಮೇಲೆ ಬಾಟಲಿಯನ್ನು ತಿರುಗಿಸಿ, ಉಗುರಿನಿಂದ ಆ ಇಂಗ್ಲಿಷ್ ಸಾಲನ್ನು ತೋರಿಸಿದರು. ಕಂಪನಿ ಹೇಳಬೇಕಾದ್ದನ್ನು ಹೇಳಿದೆ ಅಂದರು.

"ಯಾರಿಗೆ ಹೇಳಿದೆ ಸಾರ್?" ಅಂದೆ. "ದಾಸರಹಳ್ಳಿಯವರು ಕನ್ನಡದಲ್ಲಿದ್ರೆ ಓದ್ತಾರೆ ಅಂತ ನೀವೇ ಕನ್ನಡ ಬರೆಸಿದ್ರಿ. ಮಾರೋದು ಕನ್ನಡದಲ್ಲಿ, ಎಚ್ಚರಿಸೋದು ಇಂಗ್ಲಿಷಲ್ಲಾ?"

ಓದಲು ಬರದಿದ್ದರೆ ಬಲ್ಲವರನ್ನು ಕೇಳಬೇಕಿತ್ತು ಅಂದರು ಅವರು. ನನ್ನ ಅಕ್ಕನಿಗೆ ಓದಲು ಬರುತ್ತದೆ ಅಂದೆ. ನಿಮ್ಮ ಆಫೀಸಿನ ಎಷ್ಟೋ ಮಂದಿಗಿಂತ ಚೆನ್ನಾಗಿ ಬರುತ್ತದೆ, ಓದಿಯೇ ತಗೊಂಡಳು, ಓದಿದ್ದಕ್ಕೇ ಈ ಗತಿ ಬಂತು ಅಂದೆ. ನನ್ನ ದನಿ ಏರಿತ್ತು, ಪಕ್ಕದ ಮೇಜುಗಳವರು ತಿರುಗಿ ನೋಡುತ್ತಿದ್ದರು. ಅವರು ಮೇಲಿನವರಿಗೆ ತಿಳಿಸುತ್ತೇನೆ ಅಂದರು. ಹೊರಡುವಾಗ ಮತ್ತೆ ಕಾಫಿ ತರಿಸಲಾ ಅಂತ ಕೇಳಿದರು. ಬೇಡ ಅಂದೆ.

ಕಂಪನಿಗೆ ಪತ್ರ ಬರೆದೆ, ಆಹಾರ ಸುರಕ್ಷತೆ ನೋಡಿಕೊಳ್ಳುವ ಇಲಾಖೆಗೂ ಬರೆದೆ. ನಾನೇ ಅನುವಾದಿಸಿದ ಮೊದಲ ಪ್ರತಿ, ಅಚ್ಚಾದ ಪ್ರತಿ ಎರಡನ್ನೂ ಲಗತ್ತಿಸಿದೆ. ಅಂದರೆ ನನ್ನ ತಪ್ಪಿಗೂ ನಾನೇ ಸಾಕ್ಷಿ ಒದಗಿಸಿದೆ. ಇಲಾಖೆಯಿಂದ ಬಂದ ಉತ್ತರದಲ್ಲಿ ಬಾಟಲಿಯ ಮೇಲಿನ ವಿವರ ನಿಯಮದಂತೆ ಇದೆ, ಕರಪತ್ರದ ಬಗ್ಗೆ ಪರಿಶೀಲಿಸಲಾಗುವುದು ಅಂತ ಇತ್ತು. ಕಂಪನಿಯಿಂದ ಉತ್ತರವಿಲ್ಲ. ಅವರ ಉತ್ತರ ನನಗೆ ಸಿಕ್ಕಿದ್ದು ದಾಸರಹಳ್ಳಿಯ ಔಷಧಿ ಅಂಗಡಿಯಲ್ಲಿ. ಎರಡು ತಿಂಗಳ ಮೇಲೆ ಅಲ್ಲಿಗೆ ಹೋದಾಗ ಕೌಂಟರಿನ ಮೇಲೆ ಹೊಸ ಕರಪತ್ರ ಇತ್ತು. ಹೊಳೆಯುವ ಕಾಗದ, ನಿದ್ದೆ ಮಾಡುವ ಹೆಂಗಸಿನ ಚಿತ್ರ, ಎಲ್ಲವೂ ಇಂಗ್ಲಿಷಿನಲ್ಲಿ. ಕನ್ನಡದ್ದು ಬರುವುದು ನಿಂತಿದೆ ಮೇಡಂ ಅಂದ ಅಂಗಡಿಯವನು. ಒಂದು ಸಾಲು ಸೇರಿಸಿ ಅಂತ ಕೇಳಿದ್ದಕ್ಕೆ ಅವರು ಕನ್ನಡವನ್ನೇ ತೆಗೆದುಹಾಕಿದ್ದರು. ಆ ಮಧ್ಯಾಹ್ನ ನನಗೆ ಬಂದಷ್ಟು ಕೋಪ ಇಡೀ ಪ್ರಸಂಗದಲ್ಲಿ ಇನ್ಯಾವಾಗಲೂ ಬಂದಿಲ್ಲ. ಕೈಯಲ್ಲಿದ್ದ ಹೊಸ ಕರಪತ್ರವನ್ನು ಅಲ್ಲೇ ಹರಿದು ಹಾಕಿದೆ. ಅಂಗಡಿಯವನು ಪಾಪ, ಚೂರುಗಳನ್ನು ಆಯ್ದು ಬುಟ್ಟಿಗೆ ಹಾಕಿದ. ಆಮೇಲೆ ಆ ಬಾಟಲಿಗಳನ್ನು ಮುಂದಿನಿಂದ ತೆಗೆದು ಹಿಂದಿನ ಕಪಾಟಿಗೆ ಹಾಕಿದ. ಯಾರಾದರೂ ಕೇಳಿದರೆ ಬೇರೆ ಮಾತ್ರೆ ನಡೀತಿದೆಯಾ ಅಂತ ವಿಚಾರಿಸಿಯೇ ಕೊಡುತ್ತೇನೆ ಅಂದ. ಅವನ ಮೇಲೆ ಯಾವ ನಿಯಮವೂ ಒತ್ತಡ ಹೇರಿರಲಿಲ್ಲ, ಅಕ್ಕ ಅವನ ಹೆಂಡತಿಗೆ ರವಿಕೆ ಹೊಲಿದುಕೊಡುತ್ತಾಳೆ, ಅಷ್ಟೇ.

ಅಕ್ಕನ ಮಾತ್ರೆಯನ್ನು ಮನೋವೈದ್ಯರು ಕೆಲವು ದಿನ ಕಳೆದ ಮೇಲೆ ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರು ಮಾಡಿದರು. ಇಷ್ಟು ದಿನ ಬೇರೇನು ತಗೊಳ್ತೀರಿ ಅಂತ ನೀವು ಒಮ್ಮೆಯೂ ಕೇಳಲಿಲ್ಲವಲ್ಲ ಸಾರ್ ಅಂತ ನಾನು ಅವರನ್ನೂ ಬಿಡಲಿಲ್ಲ. ಅವರು ಕೋಪಿಸಿಕೊಳ್ಳಲಿಲ್ಲ. ಬಾಗಿಲ ಕಡೆ ಕೈ ತೋರಿಸಿ, ಹೊರಗೆ ಸಾಲು ನೋಡಿ ಅಂದರು. ಸಾಲು ಮೆಟ್ಟಿಲವರೆಗೂ ಇತ್ತು. ಆ ಮನುಷ್ಯನ ಕಣ್ಣ ಕೆಳಗೆ ಕಪ್ಪು ಗುಳಿ ಬಿದ್ದಿತ್ತು. ಅವರ ಮೇಲಿನ ಸಿಟ್ಟು ಅರ್ಧಕ್ಕೆ ನಿಂತಿತು, ಇನ್ನರ್ಧ ಇನ್ನೂ ಇದೆ. ಕೇಳಲು ಅರ್ಧ ನಿಮಿಷ ಸಾಕು. ತುರ್ತು ವಿಭಾಗದ ಆ ಚಿಕ್ಕ ವೈದ್ಯೆಗೆ ಅಷ್ಟೇ ಸಾಕಾಗಿತ್ತು.

ಮುಂದಿನ ಸಲ ಹೋದಾಗ ನಮ್ಮ ಟೋಕನ್ ಬರಲು ಬಹಳ ಹೊತ್ತಿತ್ತು. ಬೆಂಚಿನ ಮೇಲೆ ಕೂತವರನ್ನು ನಾನೇ ಮಾತಾಡಿಸತೊಡಗಿದೆ. ಪಕ್ಕದಲ್ಲಿದ್ದವರು ಪೀಣ್ಯದ ಒಬ್ಬ ಫಿಟ್ಟರ್. ಜಿಮ್ಮಿನವರು ಕೊಟ್ಟ ಪುಡಿಯನ್ನು ದಿನಾ ಹಾಲಿಗೆ ಹಾಕಿ ಕುಡಿಯುತ್ತಾರೆ, ಅದರಲ್ಲಿ ಏನೇನಿದೆ ಗೊತ್ತಿಲ್ಲ. ಅವರಾಚೆ ಕೂತಿದ್ದ ಕಾಲೇಜು ಹುಡುಗಿ ಮನಸ್ಸು ಹಗುರಾಗಲು ಅಂತ ಮೊಬೈಲಿನಲ್ಲಿ ಕ್ಯಾಪ್ಸೂಲ್ ತರಿಸುತ್ತಾಳೆ. ಸರ್ಜಾಪುರದ ಕಡೆಯಿಂದ ಬಂದಿದ್ದ ಅಜ್ಜಿಯೊಬ್ಬರು ಸೊಂಟಿ ಕಷಾಯ ಬಿಟ್ಟು ಬೇರೇನಿಲ್ಲ ಕಣವ್ವಾ ಅಂದರು. ಸೊಂಟಿ ಕಷಾಯಕ್ಕೆ ನಾನು ಏನೂ ಹೇಳಲಿಲ್ಲ. ಉಳಿದಿಬ್ಬರಿಗೆ ಒಳಗೆ ಹೋದಾಗ ಪುಡಿ, ಕ್ಯಾಪ್ಸೂಲಿನ ವಿಷಯ ಮೊದಲು ಹೇಳಿ, ಆಗದಿದ್ದರೆ ಡಬ್ಬಿಯನ್ನೇ ತಂದು ತೋರಿಸಿ ಅಂದೆ. ಇದುವರೆಗೆ ಯಾರೂ ಅವರನ್ನು ಕೇಳಿರಲಿಲ್ಲ. ಅಷ್ಟರಲ್ಲಿ ನರ್ಸ್ ಬಂದರು. ನೀವು ಯಾರು, ಪೇಷಂಟ್‌ಗಳನ್ನ ಯಾಕೆ ವಿಚಾರಣೆ ಮಾಡ್ತಿದ್ದೀರಿ ಅಂತ ಗದರಿದರು.

"ನೀವು ಕೇಳಬೇಕಾದ್ದನ್ನ ಕೇಳ್ತಿದ್ದೀನಿ ಮೇಡಂ," ಅಂದೆ.

ಅವರು ಸುಮ್ಮನೆ ಕೂರಲು ಹೇಳಿ ಹೋದರು. ಸ್ವಲ್ಪ ಹೊತ್ತಿಗೆ ಅಕ್ಕನ ಟೋಕನ್ ಕೂಗಿದರು. ಅಕ್ಕ ಪರ್ಸಿನಿಂದ ಒಂದು ಚೀಟಿ ತೆಗೆದಳು. ಅವಳು ದಿನಾ ನುಂಗುವ ಎಲ್ಲವನ್ನೂ ಅದರಲ್ಲಿ ದುಂಡಕ್ಷರದಲ್ಲಿ ಬರೆದಿದ್ದಳು, ಮಂಡಿನೋವಿನ ಎಣ್ಣೆಯವರೆಗೆ. ಅದನ್ನು ಬಾಯಿಗೆ ಹಾಕಲ್ಲ ಅಂತಲೂ ಪಕ್ಕದಲ್ಲಿ ಬರೆದಿದ್ದಳು. ನಾನು ಜೊತೆಗೆ ಬರಲಾ ಅಂದೆ. ಬೇಡ, ನಾನೇ ಹೇಳ್ತೀನಿ ಅಂತ ಒಳಗೆ ಹೋದಳು.